ಬೂಟ್ ಆಗುವಾಗಲೇ ಕರ್ನಲ್ ಬಿದ್ದರೆ ಎಲ್ಲಿಂದ ಹುಡುಕಬೇಕು?

ಶಿವಮೊಗ್ಗದ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಾವೇ ಬಿಲ್ಡ್ ಮಾಡಿ ನೋಡುವ ಆಸಕ್ತಿ ಇದ್ದವರಿಗೆ ಈ ಲೇಖನ. ಬೂಟ್ ಮಾಡಿದರೆ ಪರದೆ ಕಪ್ಪು, ಒಂದಕ್ಷರವೂ ಇಲ್ಲ, ಮಷಿನ್ ತಾನಾಗಿಯೇ ರೀಸ್ಟಾರ್ಟ್. ಮೆಮೊರಿ ಸಿದ್ಧಪಡಿಸುವ ಹಂತದಲ್ಲೇ ಕರ್ನಲ್ ಬಿದ್ದಾಗ ಹೀಗಾಗುವುದು ಜಾಸ್ತಿ. ಆಗ ಸುಮ್ನೆ ಕೋಡ್ ಓದುತ್ತಾ ಕೂರಬೇಡಿ. ಮೊದಲು ಕರ್ನಲ್‌ನ ಬಾಯಿ ಬಿಡಿಸಬೇಕು.

ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ಬೇಡ, ಸಾಫ್ಟ್‌ವೇರಿನಲ್ಲೇ ಇನ್ನೊಂದು ಕಂಪ್ಯೂಟರ್ ಕಟ್ಟಿಕೊಡುವ ಕ್ಯೂಎಮು (QEMU) ಒಳಗೆ ಬೂಟ್ ಮಾಡಿ. ಸೋರ್ಸ್ ಒಮ್ಮೆ ಇಳಿಸಿಕೊಂಡರೆ ಸಾಕು, ಹೊಸನಗರ, ಆಗುಂಬೆ ಕಡೆಯವರು ಮಳೆಗಾಲದಲ್ಲಿ ನೆಟ್ ಹೋದರೂ ಕೆಲಸ ನಿಲ್ಲಿಸಬೇಕಿಲ್ಲ. ಕರ್ನಲ್ ಕಮಾಂಡ್ ಲೈನಿಗೆ ಮೂರು ಆಯ್ಕೆ ಸೇರಿಸಿ. ಸೀರಿಯಲ್ ಪೋರ್ಟ್ ಹೆಸರಿನ ಜೊತೆ ಅರ್ಲಿಪ್ರಿಂಟ್‌ಕೆ (earlyprintk) ಕೊಟ್ಟರೆ, ಕನ್ಸೋಲ್ ಸಿದ್ಧವಾಗುವ ಮೊದಲೇ ಸಂದೇಶ ಹೊರಬರುತ್ತದೆ. ನೋಕೆಎಎಸ್ಎಲ್ಆರ್ (nokaslr) ಹಾಕಿದರೆ ಕರ್ನಲ್ ವಿಳಾಸ ಬೂಟಿನಿಂದ ಬೂಟಿಗೆ ಬದಲಾಗುವುದಿಲ್ಲ. ಮೆಮ್‌ಬ್ಲಾಕ್=ಡಿಬಗ್ (memblock=debug) ಎಂದರೆ, ಬೂಟಿನ ಆರಂಭದಲ್ಲಿ ಮೆಮೊರಿ ಹಂಚುವ ಮೆಮ್‌ಬ್ಲಾಕ್ ಮೂಲಕ ಯಾವ ಫಂಕ್ಷನ್ ಎಷ್ಟು ಮೆಮೊರಿ ಕಾಯ್ದಿರಿಸಿತು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ಕ್ಯೂಎಮುಗೆ ನೋ-ರೀಬೂಟ್ (-no-reboot) ಕೊಡಲು ಮರೆಯಬೇಡಿ, ಇಲ್ಲದಿದ್ದರೆ ಓದುವಷ್ಟರಲ್ಲಿ ಮತ್ತೆ ಶುರುವಾಗಿರುತ್ತದೆ.

ಲಾಗ್ ಬಂತಾ? ಎರಡು ಸಂಖ್ಯೆ ಹುಡುಕಿ. ಆರ್‌ಐಪಿ ಎಂದರೆ ಬಿದ್ದಾಗ ಓಡುತ್ತಿದ್ದ ಸೂಚನೆಯ ವಿಳಾಸ. ಸಿಆರ್2 ಎಂದರೆ ಕರ್ನಲ್ ಮುಟ್ಟಲು ಹೋದ ವಿಳಾಸ. ಸಿಆರ್2ನಲ್ಲಿ 16, 40ರಂಥ ಚಿಕ್ಕ ಸಂಖ್ಯೆ ಇದ್ದರೆ ಹೆಚ್ಚಾಗಿ ಪಾಯಿಂಟರ್ ಶೂನ್ಯವಾಗಿದೆ, ಆ ಸಂಖ್ಯೆ ಸ್ಟ್ರಕ್ಟ್ ಒಳಗಿನ ಫೀಲ್ಡ್ ಇರುವ ದೂರ. ಡಿಬಗ್ ಮಾಹಿತಿ ಇರುವ ವಿಎಂಲಿನಕ್ಸ್ (vmlinux, ಬಿಲ್ಡ್ ಆದ ಕರ್ನಲ್) ಫೈಲಿನ ಮೇಲೆ, ಆರ್‌ಐಪಿ ವಿಳಾಸ ಕೊಟ್ಟು ಆಡರ್2ಲೈನ್ (addr2line) ಓಡಿಸಿದರೆ ಕೋಡಿನ ಸಾಲಿನ ಸಂಖ್ಯೆಯೂ ಸಿಗುತ್ತದೆ. ಆದರೆ ಅದು ಬಿದ್ದ ಜಾಗ, ಎಡವಿದ ಜಾಗ ಅಲ್ಲ. ಚಿಕ್ಕ ತುಂಡುಗಳಲ್ಲಿ ಮೆಮೊರಿ ಹಂಚುವ ಸ್ಲ್ಯಾಬ್ ಇನ್ನೂ ಸಿದ್ಧವಾಗದಿದ್ದಾಗ, ಅದರಿಂದ ಮೆಮೊರಿ ಕೇಳುವ ಕೆಮ್ಯಾಲಕ್ (kmalloc) ಫಂಕ್ಷನ್ನನ್ನು ಯಾರೋ ಕರೆದಿರಬಹುದು. ಆ ಹೊತ್ತಿಗೆ ಮೆಮ್‌ಬ್ಲಾಕ್ ಬಿಟ್ಟರೆ ಬೇರೆ ದಾರಿಯಿಲ್ಲ.

ಇದಕ್ಕಿಂತ ಹೆಚ್ಚು ಕಾಡುವುದು ಮೆಮೊರಿ ನಕ್ಷೆಯ ತಪ್ಪು. ಫರ್ಮ್‌ವೇರ್ ಕೊಡುವ ಇ820 ಪಟ್ಟಿ ಕರ್ನಲ್‌ಗೆ ಪಹಣಿ ಇದ್ದ ಹಾಗೆ, ಯಾವುದು ನಮ್ಮ ತೋಟ, ಯಾವುದು ಸರ್ಕಾರದ ಕಾನು ಅಂತ ಅದನ್ನು ನೋಡಿಯೇ ತಿಳಿಯಬೇಕು. 640 ಕೆಬಿಯಿಂದ 1 ಎಂಬಿವರೆಗಿನ ಜಾಗ ಹಳೇ ವಿಡಿಯೊ ಮೆಮೊರಿ ಮತ್ತು ಬಯಾಸ್‌ಗೆ ಸೇರಿದ್ದು. ಇನಿಟ್‌ಆರ್‌ಡಿ (initrd, ಬೂಟಿಗೆ ಬೇಕಾದ ಫೈಲುಗಳ ಕಟ್ಟು) ಕೂತ ಜಾಗವನ್ನೂ ಕಾಯ್ದಿರಿಸಬೇಕು. ಅದು ತಪ್ಪಿದರೆ ಮುಂದೆ ಪುಟಗಳ ಲೆಕ್ಕದಲ್ಲಿ ಮೆಮೊರಿ ಹಂಚುವ ಬಡ್ಡಿ (buddy) ಅಲೊಕೇಟರ್ ಆ 4 ಕೆಬಿ ಪುಟಗಳನ್ನು ಬೇರೆಯವರಿಗೆ ಹಂಚಿಬಿಡುತ್ತದೆ. ಕ್ರ್ಯಾಶ್ ಆಗುವುದು ಎಷ್ಟೋ ಹೊತ್ತಿನ ಮೇಲೆ, ಸಂಬಂಧವೇ ಇಲ್ಲದ ಫಂಕ್ಷನ್ನಿನಲ್ಲಿ. ಅದಕ್ಕೇ ಇ820 ಸಾಲುಗಳನ್ನೂ ಮೆಮ್‌ಬ್ಲಾಕ್ ಸಾಲುಗಳನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ತಾಳೆ ನೋಡಿ. ಬೇಸರದ ಕೆಲಸ ನಿಜ, ಆದರೆ ಉತ್ತರ ಬಹಳ ಸಲ ಅಲ್ಲೇ ಸಿಗುತ್ತದೆ.

ಆಗಲೂ ಗೊತ್ತಾಗದಿದ್ದರೆ ಜಿಡಿಬಿ (GDB) ಎಂಬ ಡಿಬಗರ್ ಹಿಡಿಯಿರಿ. ಕ್ಯೂಎಮುವನ್ನು ಮೊದಲ ಸೂಚನೆಯಲ್ಲೇ ನಿಲ್ಲಿಸಿ, ಕರ್ನಲ್‌ನ ಮುಖ್ಯ ಕೆಲಸ ಶುರುವಾಗುವ ಫಂಕ್ಷನ್ ಸ್ಟಾರ್ಟ್_ಕರ್ನಲ್‌ಗೆ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟ್ ಹಾಕಿ, ಅಲ್ಲಿಂದ ಹೆಜ್ಜೆ ಹೆಜ್ಜೆಯಾಗಿ ಮುಂದೆ ಹೋಗಿ.

ಕ್ಯೂಎಮುನಲ್ಲಿ ಸರಿ, ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಬೀಳುತ್ತದಾ? ಮೊದಲು ಮೆಮ್‌ಟೆಸ್ಟ್86+ ಎಂಬ ರ್‍ಯಾಮ್ ಪರೀಕ್ಷೆ ಓಡಿಸಿ. ನಮ್ಮ ಮಲೆನಾಡಿನ ತೇವಕ್ಕೆ ರ್‍ಯಾಮ್ ಕಾಲುಗಳು ಕಿಲುಬು ಹಿಡಿದಿದ್ದರೂ ಆಶ್ಚರ್ಯವಿಲ್ಲ.

ತಪ್ಪು ತಿದ್ದಿದ ಮೇಲೆ ಒಂದೇ ಗಾತ್ರದಲ್ಲಿ ನೋಡಿ ಬಿಡಬೇಡಿ. ಕ್ಯೂಎಮುನಲ್ಲಿ 256 ಎಂಬಿ ಕೊಟ್ಟು ಒಮ್ಮೆ, 6 ಜಿಬಿ ಕೊಟ್ಟು ಒಮ್ಮೆ ಬೂಟ್ ಮಾಡಿ. 4 ಜಿಬಿಗೆ ಸ್ವಲ್ಪ ಕೆಳಗಿನ ವಿಳಾಸಗಳು ಸಾಧನಗಳ ಪಾಲು. ಹಾಗಾಗಿ 6 ಜಿಬಿಯ ನಕ್ಷೆಯಲ್ಲಿ ನಡುವೆ ಒಂದು ದೊಡ್ಡ ತೂತು ಇರುತ್ತದೆ, 256 ಎಂಬಿಯಲ್ಲಿ ಗೆದ್ದ ಕೋಡ್ ಅಲ್ಲಿ ಬೀಳಬಹುದು.