ಅಡಿಕೆ ಸಿಪ್ಪೆಯ ಇದ್ದಿಲು ಮೂರನೆಯ ಬಳಕೆಗೇ ಸೋತಾಗ

ಹೊಂಗೆ ಎಣ್ಣೆಯಲ್ಲಿ ಮುಕ್ತ ಕೊಬ್ಬಿನಾಮ್ಲ ಹೆಚ್ಚಿದ್ದರೆ ಕ್ಷಾರ ಬೆರೆಸಿದಾಗ ಬಯೋಡೀಸೆಲ್ ಬದಲು ಸಾಬೂನು ಕಟ್ಟಿಕೊಳ್ಳುವುದರಿಂದ, ಮೊದಲು ಆ ಆಮ್ಲವನ್ನು ಮೆಥನಾಲ್‌ನೊಂದಿಗೆ ಎಸ್ಟರ್ (ಬಯೋಡೀಸೆಲ್ ಆಗಿರುವುದೂ ಇದೇ ಬಗೆಯ ಸಂಯುಕ್ತ) ಆಗಿಸಲು ನಾನು ಅಡಿಕೆ ಸಿಪ್ಪೆಯನ್ನು ಗಾಳಿಯಾಡದಂತೆ 400 ಡಿಗ್ರಿಯಲ್ಲಿ ಸುಟ್ಟು, ಆ ಇದ್ದಿಲನ್ನು ಪ್ರಬಲ ಸಲ್ಫ್ಯೂರಿಕ್ ಆಮ್ಲದಲ್ಲಿ 150 ಡಿಗ್ರಿಗೆ ಕಾಯಿಸಿ ಘನ ಕ್ರಿಯಾವರ್ಧಕವನ್ನು, ಅಂದರೆ ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವನ್ನು, ಮಾಡಿಕೊಂಡಿದ್ದೆ. ಮೊದಲ ಸಲ ಅದು ಚೆನ್ನಾಗಿ ಕೆಲಸ ಮಾಡಿತು; ಮೂರನೆಯ ಸಲಕ್ಕೆ ಎಣ್ಣೆಯ ಆಮ್ಲಮೌಲ್ಯ (ಅದರಲ್ಲಿ ಉಳಿದ ಮುಕ್ತ ಆಮ್ಲದ ಅಳತೆ) ಇಳಿಯಲೇ ಇಲ್ಲ.

ರಂಧ್ರಗಳಲ್ಲಿ ಎಣ್ಣೆ ಕಟ್ಟಿಕೊಂಡಿದೆಯೆಂದು ಭಾವಿಸಿ ಹೆಕ್ಸೇನ್‌ನಲ್ಲಿ ತೊಳೆದೆ, ಪ್ರಯೋಜನವಾಗಲಿಲ್ಲ. ಸುಳಿವು ಸಿಕ್ಕಿದ್ದು ಸೋಸಿದ ಮೆಥನಾಲ್‌ನಲ್ಲಿ: ಅದು ತೆಳು ಚಹಾದ ಬಣ್ಣಕ್ಕೆ ತಿರುಗಿತ್ತು, ನೀಲಿ ಲಿಟ್ಮಸ್ ಅದ್ದಿದರೆ ಕೆಂಪಾಯಿತು. ಹೊಸ ಇದ್ದಿಲು ಹಾಕಿ, ಅರ್ಧ ದಾರಿಯಲ್ಲಿ ಬಿಸಿಯಿರುವಾಗಲೇ ಅದನ್ನು ಸೋಸಿ ತೆಗೆದರೂ ಕ್ರಿಯೆ ಮುಂದುವರಿಯಿತು. ಅಂದರೆ ಬಹುಪಾಲು ಕೆಲಸ ಮಾಡುತ್ತಿದ್ದುದು ಕರಗಿ ಹೊರಬಂದ ಆಮ್ಲವೇ.

ಆಮೇಲೆ ಮಾಡಿದ ಇದ್ದಿಲನ್ನು, ತೊಳೆದ ನೀರಿಗೆ ಬೇರಿಯಂ ಕ್ಲೋರೈಡ್ ಹನಿಸಿದಾಗ ಸಲ್ಫೇಟ್ ಇರುವುದನ್ನು ತೋರಿಸುವ ಬಿಳಿ ಪ್ರಕ್ಷೇಪ ಕಾಣದಾಗುವವರೆಗೆ ಬಿಸಿನೀರಿನಲ್ಲಿಯೂ, ಬಣ್ಣ ಬಿಡುವುದು ನಿಲ್ಲುವವರೆಗೆ ಬಿಸಿ ಮೆಥನಾಲ್‌ನಲ್ಲಿಯೂ ತೊಳೆದು, 105 ಡಿಗ್ರಿಯಲ್ಲಿ ಒಣಗಿಸಿದೆ. ಹುಳಿಯಾದ ತೊಳೆನೀರನ್ನು ಸುಣ್ಣದಿಂದ ತಟಸ್ಥಗೊಳಿಸಿಯೇ ಚೆಲ್ಲಿದೆ. ಸಡಿಲವಾಗಿ ಅಂಟಿದ್ದ, ಸಲ್ಫೋನಿಕ್ ಆಮ್ಲದ ಗುಂಪು ಹೊತ್ತ ಇದ್ದಿಲಿನ ಸಣ್ಣ ಚೂರುಗಳು ಹೋದದ್ದರಿಂದ ಕ್ರಿಯೆ ಮೊದಲಿಗಿಂತ ನಿಧಾನವಾಯಿತು, ಆ ನಷ್ಟವನ್ನು ನಾನು ಸಂತೋಷದಿಂದಲೇ ಒಪ್ಪಿದೆ. ಐದನೆಯ ಬಳಕೆಯಲ್ಲಿಯೂ ಆಮ್ಲಮೌಲ್ಯ ಹೆಚ್ಚುಕಡಿಮೆ ಮೊದಲ ಸಲದಷ್ಟೇ ಇಳಿಯಿತು.