ಪುಟ್ಟಿ ಜೊತೆ ಮೂರು ತಿಂಗಳು, ಎರಡೇ ಊರು

ವಿಯೆಟ್ನಾಮಿನ ಹೋಯ್ ಆನ್‌ಗೆ ಬಂದ ಮೂರನೇ ರಾತ್ರಿ ಮಗಳು ಪುಟ್ಟಿ ತಟ್ಟೆಯನ್ನು ಆಚೆ ತಳ್ಳಿದಳು. "ಇದು ಮೊಸರನ್ನ ಅಲ್ಲ, ಪಾಯಸ" ಅಂದಳು. ಬಾಯಿಗೆ ಹಾಕಿ ನೋಡಿದೆ, ಅವಳು ಹೇಳಿದ್ದು ನಿಜ. ವಿಯೆಟ್ನಾಮಿನ ಅಂಗಡಿಗಳಲ್ಲಿ ಪುಟ್ಟ ಕಪ್ಪಿನಲ್ಲಿ ಸಿಗುವ ಮೊಸರು ಹೆಚ್ಚಾಗಿ ಸಕ್ಕರೆ ಹಾಕಿದ್ದೇ. ನಾನು ಓದದೆ ತಂದು, ಅನ್ನಕ್ಕೆ ಕಲಸಿ, ಮೇಲೆ ಉಪ್ಪು ಬೇರೆ ಉದುರಿಸಿದ್ದೆ.

2025ರ ಜನವರಿ ಕೊನೆಯಿಂದ ಏಪ್ರಿಲ್ ನಡುವಿನ ತನಕ ನಾವು ಮೂವರು ಬೆಂಗಳೂರು ಬಿಟ್ಟು ಹೊರಗಿದ್ದೆವು. ಪುಟ್ಟಿಗೆ ಆಗ ನಾಲ್ಕೂವರೆ ವರ್ಷ. ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ಇಷ್ಟು ದಿನ ರಜೆ ಯಾರು ಕೊಡುತ್ತಾರೆ? ನಾನು ಕೆಲಸ ಬಿಟ್ಟಿದ್ದೆ, ಇವರು ಸಂಬಳವಿಲ್ಲದ ರಜೆ ಹಾಕಿದರು. "ಮಗೂನ ಕಟ್ಕೊಂಡು ಮೂರು ತಿಂಗಳಾ?" ಅಂದರು ಅತ್ತೆ. ಮೊದಲಿನ ಪ್ಲ್ಯಾನ್‌ನಲ್ಲಿ ಐದು ದೇಶ ಇತ್ತು. ವಾರಕ್ಕೊಂದು ಹೊಸ ಹಾಸಿಗೆ, ಹೊಸ ಬಚ್ಚಲು ಅಂದರೆ ಈ ಮಗು ಮಲಗುವುದಿಲ್ಲ, ನಮ್ಮನ್ನೂ ಮಲಗಲು ಬಿಡುವುದಿಲ್ಲ ಅಂತ ಗೊತ್ತಿತ್ತು. ಕೊನೆಗೆ ಮಲೇಷ್ಯಾದ ಪೆನಾಂಗ್‌ನಲ್ಲಿ ನಾಲ್ಕು ವಾರ, ಹೋಯ್ ಆನ್‌ನಲ್ಲಿ ಎಂಟು ವಾರ ಅಂತ ಮಾಡಿದೆವು. ಇಡೀ ಪ್ರವಾಸದಲ್ಲಿ ನಾವು ತಲೆ ಓಡಿಸಿ ಮಾಡಿದ ಕೆಲಸ ಇದೊಂದೇ ಅಂದರೂ ತಪ್ಪಿಲ್ಲ.

ವೀಸಾ ಲೆಕ್ಕವೂ ಅದಕ್ಕೆ ಹೊಂದಿಕೊಂಡಿತು. ಮಲೇಷ್ಯಾ ನಮ್ಮವರನ್ನು 30 ದಿನ ವೀಸಾ ಇಲ್ಲದೆ ಬಿಡುತ್ತಿತ್ತು. ವಿಯೆಟ್ನಾಂ 90 ದಿನದ ಇ-ವೀಸಾ ಕೊಡುತ್ತಿತ್ತು, ಒಂದು ಸಲ ಒಳಗೆ ಹೋಗಲು 25 ಡಾಲರ್. ತಲೆನೋವಾಗಿದ್ದು ಹೆಸರು. ನಮ್ಮ ಕಡೆ ಇನಿಷಿಯಲ್ ಇರುತ್ತದೆ, ಸರ್‌ನೇಮ್ ಎಲ್ಲಿರುತ್ತದೆ? ನನ್ನ ಪಾಸ್‌ಪೋರ್ಟ್‌ನಲ್ಲಿ ಆ ಜಾಗ ಖಾಲಿ. ಟಿಕೆಟ್ ಸೈಟು ಖಾಲಿ ಬಿಡಲು ಒಪ್ಪದೆ ನನ್ನ ಹೆಸರನ್ನೇ ಎರಡು ಸಲ ಹಾಕಿಸಿಕೊಂಡಿತು. ವೀಸಾದಲ್ಲಿ ಒಂದೇ ಸಲ ಇತ್ತು. ಚೆಕ್-ಇನ್ ಕೌಂಟರಿನಲ್ಲಿ ಅರ್ಧ ಗಂಟೆ ನಿಲ್ಲಿಸಿದರು. ಪುಣ್ಯಕ್ಕೆ ಪುಟ್ಟಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಅಪ್ಪನ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಹಾಕಿಸಿದ್ದೆವು. ಅವಳು ಸಲೀಸಾಗಿ ದಾಟಿದಳು, ನಾನು ನಿಂತೆ.

ಪೆನಾಂಗ್ ಸುಲಭ. ಕೌಲಾಲಂಪುರದಿಂದ ಬಟರ್‌ವರ್ತ್‌ಗೆ ರೈಲು, ಅಲ್ಲಿಂದ ಜಾರ್ಜ್ ಟೌನಿಗೆ ಫೆರ್ರಿ. ಲಿಟ್ಲ್ ಇಂಡಿಯಾದಲ್ಲಿ ತಮಿಳರ ಅಂಗಡಿಗಳಿವೆ, ದೋಸೆ ಸಿಗುತ್ತದೆ, ಮೊಸರು ಸಿಗುತ್ತದೆ, ಬೆಂಗಳೂರಿನ ಬೀದಿಯಲ್ಲಿ ಕಲಿತ ಅರ್ಧಂಬರ್ಧ ತಮಿಳು ಸಾಕು. ಹಾಲಿನ ಡಬ್ಬಿ ಮೇಲೆ "ಸುಸು" ಅಂತ ಬರೆದಿರುತ್ತದೆ, ಮಲಯ ಭಾಷೆಯಲ್ಲಿ ಹಾಲು ಅಂದರೆ ಅದೇ. ಇದು ಗೊತ್ತಾದ ದಿನದಿಂದ ಪುಟ್ಟಿ ಸೂಪರ್ ಮಾರ್ಕೆಟ್‌ನಲ್ಲಿ ಬಿದ್ದು ಬಿದ್ದು ನಗುತ್ತಿದ್ದಳು, ಹಾಲು ಮಾತ್ರ ಕುಡಿಯಲಿಲ್ಲ. ಫೆಬ್ರವರಿಯಲ್ಲಿ ತಮಿಳರ ತೈಪೂಸಂ ಹಬ್ಬ ಬಂತು. ಮುರುಗನ ತೇರು ಬರುವ ದಾರಿಯುದ್ದಕ್ಕೂ ಗುಡ್ಡೆ ಗುಡ್ಡೆ ತೆಂಗಿನಕಾಯಿ, ಚೀನಿಯರೂ ಸಾಲಾಗಿ ನಿಂತು ಒಡೆಯುತ್ತಿದ್ದರು. ರಸ್ತೆಯೆಲ್ಲ ಬೆಳ್ಳಗಾಯಿತು. "ಯಾರೂ ಚಟ್ನಿ ಮಾಡಲ್ವಾ?" ಅಂತ ಪುಟ್ಟಿಗೆ ಚಿಂತೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಒಂಬತ್ತಕ್ಕೆ ಮಲಗುವ ಮಗು ಹನ್ನೊಂದೂವರೆ ತನಕ ಕಣ್ಣು ಬಿಟ್ಟುಕೊಂಡಿರುತ್ತಿತ್ತು. ಒಂದು ವಾರ ಒದ್ದಾಡಿ, ಆಮೇಲೆ ನಾವೇ ಲೇಟಾಗಿ ಏಳಲು ಶುರು ಮಾಡಿದೆವು.

ಹೋಯ್ ಆನ್‌ನಲ್ಲಿ ಒಂದು ಮನೆಯ ಮೇಲಿನ ಮಹಡಿ ಹಿಡಿದೆವು. ಕೆಳಗೆ ಮನೆಯೊಡತಿ ಅಜ್ಜಿ. ಎಲ್ಲರೂ ಸ್ಕೂಟರ್ ತಗೊಳ್ಳಿ ಅಂದರು. ನಮ್ಮ ಇಂಟರ್‌ನ್ಯಾಷನಲ್ ಲೈಸೆನ್ಸ್ ವಿಯೆಟ್ನಾಮಿನಲ್ಲಿ ನಡೆಯುವುದಿಲ್ಲ. ನಮ್ಮದು 1949ರ ಅಂತರರಾಷ್ಟ್ರೀಯ ರಸ್ತೆ ಸಂಚಾರ ಒಪ್ಪಂದದ್ದು, ಅವರು ಒಪ್ಪುವುದು 1968ರದ್ದು. ಬಿದ್ದರೆ ವಿಮೆ ದುಡ್ಡೂ ಕೈಗೆ ಬರುವುದು ಕಷ್ಟ. ಹಿಂದೆ ಮಗುವಿನ ಸೀಟಿರುವ ಸೈಕಲ್ ಬಾಡಿಗೆಗೆ ತಂದೆವು. ಊರು ಚಪ್ಪಟೆ, ಗದ್ದೆ ನಡುವೆ ಆನ್ ಬಾಂಗ್ ಕಡಲತೀರದ ತನಕ ಆರಾಮಾಗಿ ತುಳಿಯಬಹುದು.

ನಾವು ಮೊಟ್ಟೆ ತಿನ್ನುತ್ತೇವೆ, ಮೀನು ಮಾಂಸ ಇಲ್ಲ. ಅಲ್ಲಿ ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ. ಕಲಿತ ಮೊದಲ ಪದ "ಚಾಯ್", ಅಂದರೆ ಸಸ್ಯಾಹಾರ. ಟೀ ಅಲ್ಲ! ಹುಣ್ಣಿಮೆ ಅಮಾವಾಸ್ಯೆ ಬಂದರೆ ಅಲ್ಲಿ ಎಷ್ಟೋ ಜನ ಮಾಂಸ ಬಿಡುತ್ತಾರೆ, ಆ ದಿನ ನಮಗೆ ಹಬ್ಬ. ಬಾನ್ ಸೆಯೊ ಅನ್ನುವುದು ಅಕ್ಕಿ ಹಿಟ್ಟು, ಅರಿಸಿನದ ಗರಿ ಗರಿ ದೋಸೆಯೇ, ಸಿಗಡಿ ಹಂದಿ ಹಾಕದೆ ಮಾಡಿಸಬೇಕು ಅಷ್ಟೆ. ಬುನ್ ಅಂದರೆ ನಮ್ಮ ಒತ್ತುಶಾವಿಗೆಯ ತಂಗಿ. ಪುಟ್ಟಿ ಅದಕ್ಕೆ ಕಾಯಿಸಕ್ಕರೆ ಕೇಳಿದಳು.

ಮೊಸರಿಗೆ ದಾರಿ ಸಿಕ್ಕಿದ್ದು "ಖೋಂಗ್ ದೂಂಗ್" ಅನ್ನುವ ಎರಡು ಪದದಿಂದ. ಸಕ್ಕರೆ ಇಲ್ಲದ್ದು ಅಂತ. ಅಂಥದ್ದೇ ಹಾಲು, ಅಂಥದ್ದೇ ಒಂದು ಕಪ್ ಮೊಸರು ತಂದು ಹೆಪ್ಪು ಹಾಕಿದೆ. ಆಮೇಲೆ ದಿನಾ ಅದರಲ್ಲೇ ಒಂದು ಚಮಚ ಎತ್ತಿಟ್ಟುಕೊಳ್ಳುವುದು. ಅಲ್ಲಿನ ಅಕ್ಕಿ ಮೆತ್ತಗೆ ಬೇಯುತ್ತದೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ ಹಾಗೆ. ರಾತ್ರಿ ಈ ಒಂದು ಊಟ ಸಿಕ್ಕರೆ, ಹಗಲು ಪುಟ್ಟಿ ಯಾವ ಊರಿನದ್ದಾದರೂ ತಿಂದಳು.

ಐದನೇ ವಾರ ಜ್ವರ ಬಂತು. ರಾತ್ರಿ ಒಂಬತ್ತು ಗಂಟೆ. ತಂದಿದ್ದ ಪ್ಯಾರಾಸಿಟಮಾಲ್ ಸಿರಪ್ ಬ್ಯಾಗಿನಲ್ಲೇ ಸೋರಿ ಖಾಲಿಯಾಗಿತ್ತು. ಔಷಧಿ ಅಂಗಡಿಯವಳು ಪುಡಿಯ ಪೊಟ್ಟಣ ಕೊಟ್ಟಳು, ಮೇಲೆ 250 ಎಂಜಿ ಅಂತಿತ್ತು. ನನಗೆ ಬಾಯಿಪಾಠ ಇದ್ದಿದ್ದು "5 ಎಂಎಲ್" ಮಾತ್ರ. ನಮ್ಮಲ್ಲಿ 5 ಎಂಎಲ್‌ಗೆ 125 ಎಂಜಿ ಇರುವ ಬಾಟಲಿಯೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ನಮ್ಮದು ಯಾವುದು? ಲೇಬಲ್ ಅಂಟಂಟಾಗಿ ಅಳಿಸಿಹೋಗಿತ್ತು. ಅಕ್ಕನಿಗೆ ಫೋನ್ ಮಾಡಿದೆ. ನಮ್ಮ ಮನೆ ಬೀಗ ತೆಗೆದು, ಕಪಾಟಿನಲ್ಲಿದ್ದ ಹಳೇ ಬಾಟಲಿಯ ಫೋಟೋ ಕಳಿಸಿದಳು: 250. ಮಗುವನ್ನು ನೋಡುವ ಡಾಕ್ಟರಿಗೂ ಕೇಳಿ ಒಂದು ಪೊಟ್ಟಣ ಕೊಟ್ಟೆ. ಹೊರಡುವ ಮೊದಲು ಮಗುವಿನ ತೂಕ ಎಷ್ಟು, ಡೋಸ್ ಎಷ್ಟು ಎಂಜಿ ಅಂತ ಡಾಕ್ಟರ್ ಕೈಲಿ ಬರೆಸಿಕೊಳ್ಳಿ. ಎಂಎಲ್ ಬರೆಸಿಕೊಂಡರೆ ಆ ಬಾಟಲಿ ಬಿಟ್ಟು ಬೇರೆಲ್ಲೂ ಉಪಯೋಗಕ್ಕೆ ಬರುವುದಿಲ್ಲ.

ಮಾರನೇ ದಿನ 30 ಕಿಲೋಮೀಟರ್ ದೂರದ ಡಾ ನಾಂಗ್‌ಗೆ ಕಾರಿನಲ್ಲಿ ಕರಕೊಂಡು ಹೋದೆವು. ರಕ್ತ ಪರೀಕ್ಷೆ ಮಾಡಿದರು, ಡೆಂಗಿ ಅಲ್ಲ. ದುಡ್ಡು ನಾವೇ ಕಟ್ಟಿದೆವು, ಯಾಕೆಂದರೆ ವಿಮೆಯವರಿಗೆ ಮೊದಲೇ ಫೋನ್ ಮಾಡಬೇಕು ಅನ್ನುವ ಸಾಲು ನಾವು ಓದಿರಲಿಲ್ಲ. ಊರಿಗೆ ಬಂದು ಎರಡು ತಿಂಗಳು ಅಲೆದ ಮೇಲೆ ವಾಪಸ್ ಬಂತು.

ಜ್ವರದ ಮೂರು ದಿನ ಕೆಳಗಿನ ಅಜ್ಜಿ ಗಂಜಿ ತಂದು ಕೊಟ್ಟರು. ಅವರು ಪುಟ್ಟಿಗೆ ಹತ್ತಿರವಾಗಿದ್ದಕ್ಕೆ ಒಂದು ಕಾರಣ ಇದೆ. ವಿಯೆಟ್ನಾಮಿನ ಮಾತಿನಲ್ಲಿ "ಬಾ" ಅಂದರೆ ಅಜ್ಜಿ. ಮೊದಲ ದಿನ ಪುಟ್ಟಿ ತನ್ನ ಗೊಂಬೆ ತೋರಿಸಲು "ಬಾ, ಬಾ" ಅಂತ ಕನ್ನಡದಲ್ಲಿ ಕರೆದಿದ್ದಳು. ಅಜ್ಜಿ ಕರಗಿ ನೀರಾದರು. ಆಮೇಲೆ ಪಕ್ಕದ ಮಕ್ಕಳನ್ನು ನೋಡಿ "ಬಾ ಒಯ್" ಅನ್ನುವುದನ್ನು ಕಲಿತಳು. ಅಲ್ಲಿ ಅಜ್ಜಿಯನ್ನು ಪ್ರೀತಿಯಿಂದ ಕೂಗುವುದು ಹಾಗೇ.

ಬೆಂಗಳೂರಿಗೆ ಬಂದ ದಿನ ಬಾಗಿಲಲ್ಲೇ ಅತ್ತೆಯನ್ನು ನೋಡಿ ಜೋರಾಗಿ "ಬಾ ಒಯ್!" ಅಂದಳು. ಅತ್ತೆ ನನ್ನ ಮುಖ ನೋಡಿದರು. ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. "ಬಾ ಅಂದ್ರೆ ಅಜ್ಜಿ, ಸರಿ," ಅಂದರು, "ಒಯ್ ಯಾಕೆ?"