ಮಾಸ್ಟರ್ ಪ್ಲಾನ್ ಮ್ಯಾಪಲ್ಲಿ ನಿಮ್ಮ ಓಣಿ ಹುಡುಕೋದು, ಆಕ್ಷೇಪಣೆ ಹಾಕೋದು ಹೆಂಗೆ

ಇದನ್ನ ಬಳ್ಳಾರಿಯೋರಿಗೆ ಅಂತ ಬರೀತಿದೀನಿ, ಆದ್ರೆ ರಾಯಚೂರು ಕೊಪ್ಪಳದೋರಿಗೂ ಕಾನೂನು ಇದೇರಿ. ಊರು ಎತ್ತ ಬೆಳೀಬೇಕು, ಎಲ್ಲಿ ಮನೆ ಬರ್ಬೇಕು, ಎಲ್ಲಿ ಫ್ಯಾಕ್ಟರಿ, ಎಲ್ಲಿ ರೋಡು ಅಂತ ಗೆರೆ ಹಾಕೋದೇ ಮಾಸ್ಟರ್ ಪ್ಲಾನು, ಸರ್ಕಾರಿ ಕಾಗದದಲ್ಲಿ ಮಹಾಯೋಜನೆ ಅಂತ ಇರುತ್ತೆ. ನಮ್ಮಲ್ಲಿ ಇದು ನಗರಾಭಿವೃದ್ಧಿ ಪ್ರಾಧಿಕಾರದ ಕೆಲಸ, ಅದೇ ಬುಡಾ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದ್ರೂ ಇದನ್ನ ಪರಿಷ್ಕರಿಸಬೇಕು, ಕರಡು ಪ್ರಕಟ ಆದ್ಮೇಲೆ 60 ದಿನದೊಳಗೆ ಯಾರು ಬೇಕಾದ್ರೂ ಬರವಣಿಗೆಯಲ್ಲಿ ಅಭಿಪ್ರಾಯ, ಆಕ್ಷೇಪಣೆ ಕೊಡಬಹುದು. ಆ ಎರಡು ತಿಂಗಳು ದುಡ್ಡಿದ್ದೋರು, ಲೇಔಟ್ ಮಾಡೋರು ಎಚ್ಚರ ಇರ್ತಾರೆ, ಕೂಲಿಗೆ ಹೋಗೋರಿಗೆ ಸುದ್ದಿನೇ ಮುಟ್ಟಲ್ಲ, ಅನ್ಯಾಯ ಶುರುವಾಗೋದು ಅಲ್ಲೇ.

ಮೊದ್ಲು ಮ್ಯಾಪ್ ತಗೊಳ್ರಿ, ಫೋನಲ್ಲಿ ನೋಡಿದ್ರೆ ಏನೂ ಕಾಣಲ್ಲ, ಜೆರಾಕ್ಸ್ ಅಂಗಡಿಲಿ ದೊಡ್ಡ ಶೀಟಿಗೆ ಕಲರ್ ಪ್ರಿಂಟ್ ಹಾಕಿಸ್ರಿ. ಹಳದಿ ಅಂದ್ರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ ಆಸ್ಪತ್ರೆ ಥರ ಸಾರ್ವಜನಿಕ ಬಳಕೆ, ಹಸಿರು ಪಾರ್ಕು. ಆಮೇಲೆ ಸರ್ಕಾರದ ಜಮೀನು ನಕ್ಷೆಯ ದಿಶಾಂಕ್ ಆ್ಯಪ್ ಓಪನ್ ಮಾಡಿ ನಿಮ್ಮ ಮನೆ ಮುಂದೆ ನಿಂತ್ಕೊಳ್ರಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತೆ, ಅದನ್ನ ಬರ್ಕೊಂಡು ಮ್ಯಾಪಲ್ಲಿ ಹುಡುಕಿ ಪೆನ್ನಲ್ಲಿ ಸುತ್ತು ಹಾಕ್ರಿ.

ಈಗ ಓಣಿ ಹೆಣ್ಮಕ್ಕಳನ್ನ ಕರೀರಿ. ಇದು ಬಹಳ ಮುಖ್ಯ ರೀ. ನಾವು ಒಂದ್ಸಲ ಒಂದು ಮನೆ ಪಡಸಾಲೆಲಿ ಶೀಟ್ ಹಾಸಿದ್ವಿ, ಆ ಕಡೆ ಮನೆಮನೆಲೂ ಜೀನ್ಸ್ ಹೊಲಿಯೋರು, ಮಷೀನ್ ಬಿಟ್ಟು ಹಂಗೇ ಎದ್ದು ಬಂದಿದ್ರು, ಬೆರಳ ತುದಿಗೆಲ್ಲ ಬಟ್ಟೆಯ ನೀಲಿ ಹತ್ತಿತ್ತು. ಒಬ್ಬ ಅಜ್ಜಿ ಹಸಿರು ಬಣ್ಣದ ಮೇಲೆ ಬೆರಳಿಟ್ಟು "ಇಲ್ಲಿ ನಮ್ಮ ಮನೆ ಐತಲ್ಲಪ್ಪ, ಇಲ್ಲಿ ಗಿಡ ಎಲ್ಲದಾವು?" ಅಂದ್ಲು. ನಲ್ವತ್ತು ಮನೆ ಇರೋ ಜಾಗ ಮ್ಯಾಪಲ್ಲಿ ಪಾರ್ಕ್ ಆಗಿತ್ತು! ಮ್ಯಾಪ್ ಮಾಡಿದೋರು ಅಲ್ಲಿಗೆ ಬಂದೇ ಇರ್ಲಿಲ್ಲ ಅನ್ಸುತ್ತೆ. ಅಜ್ಜಿ ಬರದೇ ಇದ್ದಿದ್ರೆ ನಮಗೂ ಗೊತ್ತಾಗ್ತಿರ್ಲಿಲ್ಲ.

ಇನ್ನೇನು ನೋಡ್ಬೇಕು? ಹಕ್ಕುಪತ್ರ ಸಿಗದ ಸ್ಲಮ್ಮುಗಳನ್ನ ಮನೆ ಅಂತ ತೋರಿಸಿದಾರಾ, ಮನೆಲೇ ಹೊಲಿಯೋ ಕೆಲಸಕ್ಕೆ ವಸತಿ ವಲಯದಲ್ಲಿ ಅವಕಾಶ ಐತಾ, ಜೀನ್ಸ್ ವಾಷಿಂಗ್ ಯೂನಿಟ್ ನೀರು ಎಲ್ಲಿಗೆ ಹರಿಯುತ್ತೆ, ಹಳೇ ಹಳ್ಳ ಕೆರೆ ಮ್ಯಾಪಲ್ಲಿ ಉಳಿದಾವಾ. ಕುಡಿಯೋ ನೀರಂತೂ ಮರೀಬೇಡ್ರಿ, ಅಲ್ಲೀಪುರ ಕೆರೆ, ಮೋಕಾ ಕೆರೆ ತುಂಬೋದು ತುಂಗಭದ್ರಾ ಕಾಲುವೆಯಿಂದ, 2024ರ ಆಗಸ್ಟಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ನಮಗೆಲ್ಲ ಎದೆ ಝಲ್ ಅಂದಿತ್ತು, ಹಂಗಾಗಿ ಹೊಸ ಲೇಔಟಿಗೆ ಹಳದಿ ಬಳಿಯೋ ಮುಂಚೆ ನೀರೆಲ್ಲಿಂದ ಅಂತ ಕೇಳೋ ಹಕ್ಕು ನಮಗೈತೆ. ತಳ್ಳುಗಾಡಿಯೋರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಐತೆ, ಅದರ ಪ್ರಕಾರ ಮಾಡೋ ಪಟ್ಟಣ ವ್ಯಾಪಾರ ಸಮಿತಿಲಿ ಕನಿಷ್ಠ ಶೇ. 40ರಷ್ಟು ಅವರೇ ಇರ್ಬೇಕು, ಆ ಸದಸ್ಯರನ್ನ ಹಿಡಿದು ವ್ಯಾಪಾರದ ಜಾಗನೂ ಪ್ಲಾನಲ್ಲಿ ಬರೋ ಹಂಗೆ ಅರ್ಜಿ ಹಾಕಿಸ್ರಿ.

ಅರ್ಜಿ ಉದ್ದ ಬೇಡ, ಒಂದು ಹಾಳೆ ಸಾಕು. ಸರ್ವೆ ನಂಬರ್, ಪ್ಲಾನಲ್ಲಿ ಏನು ತೋರಿಸಿದಾರೆ, ಸ್ಥಳದಲ್ಲಿ ಏನೈತೆ, ಏನು ಬದಲಾಗ್ಬೇಕು, ಇಷ್ಟೇ. ಕರೆಂಟ್ ಬಿಲ್ಲು, ಫೋಟೋ ಲಗತ್ತಿಸ್ರಿ. ನೂರು ಜನ ಒಂದೇ ಹಾಳೆಗೆ ಸಹಿ ಮಾಡೋದಕ್ಕಿಂತ ಮನೆಗೊಂದು ಅರ್ಜಿ ಕೊಡೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಒಂದೊಂದಕ್ಕೂ ಬೇರೆ ಇನ್‌ವರ್ಡ್ ನಂಬರ್, ಅಂದ್ರೆ ಅರ್ಜಿ ಬಂತು ಅಂತ ಆಫೀಸಲ್ಲಿ ದಾಖಲು ಮಾಡೋ ನಂಬರ್, ಬೀಳುತ್ತೆ. ನಿಮ್ಮ ಪ್ರತಿಗೆ ಸೀಲ್ ಹಾಕಿಸ್ಕೊಳ್ದೆ ಬುಡಾ ಕೌಂಟರ್ ಬಿಟ್ಟು ಬರಬೇಡ್ರಿ, "ಇಟ್ಟೋಗಿ ನೋಡ್ತೀವಿ" ಅಂದ್ರೂ ನಿಂತ್ಕೊಳ್ರಿ.

ಆಮೇಲೆ ಸುದ್ದಿನೇ ಇಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಿಮ್ಮ ಇನ್‌ವರ್ಡ್ ನಂಬರ್ ಹಾಕಿ, ಇದರ ಮೇಲೆ ಏನು ಕ್ರಮ ಆಯ್ತು, ಕಡತದ ಪ್ರತಿ ಕೊಡ್ರಿ ಅಂತ ಕೇಳ್ರಿ. ಬಿಪಿಎಲ್‌ನೋರಿಗೆ ಆ ಫೀಸೂ ಇಲ್ಲ, 30 ದಿನದೊಳಗೆ ಉತ್ತರ ಕೊಡ್ಲೇಬೇಕು. ಸೀಲ್ ಬಿದ್ದ ಪ್ರತಿನ ರೇಷನ್ ಕಾರ್ಡ್ ಇಡೋ ಕವರಲ್ಲೇ ಇಡ್ರಿ, ಆ ಕವರ್ ಯಾರ ಮನೆಲೂ ಕಳೆದುಹೋಗಲ್ಲ.